ಅಸಲಿ, ನಕಲಿ, ಅಗ್ಗದ್ದು: ಒಂದೇ ಕೋವಿಗೆ ಮೂರು ರೆಡ್ ಡಾಟ್

ಈ ಸಲ ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ಮುಂಚೆ, ಮಳೆಗಾಲದ ಎರಡು ತಿಂಗಳು, ನನ್ನ .22 ಕೋವಿಯ ಮೇಲೆ ಮೂರು ರೆಡ್ ಡಾಟ್ (ಗಾಜಿನಲ್ಲಿ ಬೆಳಕಿನ ಚುಕ್ಕೆ ತೋರಿಸಿ ಗುರಿ ಹಿಡಿಯಲು ನೆರವಾಗುವ ಸಾಧನ) ಕೂರಿಸಿ ನೋಡಿದೆ. ಒಂದು ಆನ್‌ಲೈನ್‌ನಲ್ಲಿ 4,200 ರೂಪಾಯಿಗೆ ತರಿಸಿದ್ದು. ಮೈಮೇಲೆ ಏಮ್‌ಪಾಯಿಂಟ್ ಟಿ-2 ಅಂತ, ಹೆಸರಾಂತ ಕಂಪನಿಯ ಮಾದರಿಯ ಹೆಸರು ಬರೆದಿತ್ತು; ಇದೇ ನಕಲಿ. ಇನ್ನೊಂದು ದೊಡ್ಡಪ್ಪನ ಮಗ ಅಣ್ಣನ ಹತ್ತಿರ ಇರುವ ಅಸಲಿ ಟಿ-2. ಮೂರನೆಯದು ಕೋವಿ ಅಂಗಡಿಯಲ್ಲಿ 5,500ಕ್ಕೆ ಕೊಂಡದ್ದು, ಹೆಸರು ಯಾರೂ ಕೇಳಿರದ ಕಂಪನಿಯದು; ಅಗ್ಗದ್ದು ಅಂತ ಮುಂದೆ ಹೇಳುವುದು ಇದನ್ನೇ.

ಅಕ್ಕಪಕ್ಕ ಇಟ್ಟರೆ ಅಸಲಿ, ನಕಲಿ ಅವಳಿಗಳ ಹಾಗೆ ಕಾಣುತ್ತವೆ. ಬೆಳಕಿನ ಗುಂಡಿ ತಿರುಗಿಸಿದಾಗ ಗುಟ್ಟು ರಟ್ಟಾಯಿತು. ನಕಲಿಯಲ್ಲಿ ಒಂದು ಕಡೆಗೆ ಕೆಂಪು ಚುಕ್ಕೆ, ಇನ್ನೊಂದು ಕಡೆಗೆ ಹಸಿರು. ಅಸಲಿ ಟಿ-2ನಲ್ಲಿ ಹಸಿರು ಇಲ್ಲವೇ ಇಲ್ಲ. ಜಾಹೀರಾತಿನಲ್ಲೇ ಎರಡೂ ಬಣ್ಣ ಅಂತ ಹಾಕಿದ್ದರು. ಅದನ್ನು ಓದಿದಾಗಲೇ ನಾನು ಬಿಡಬೇಕಿತ್ತು.

ನಿಜವಾಗಿ ಸಿಟ್ಟು ಬಂದದ್ದು ಸೀರಿಯಲ್ ನಂಬರ್ ನೋಡಿ. ನಾಪೋಕ್ಲಿನ ಗೆಳೆಯನೂ ಅಲ್ಲೇ ತರಿಸಿದ್ದ. ಎರಡನ್ನೂ ಮೇಜಿನ ಮೇಲಿಟ್ಟು ಒಂದೊಂದೇ ಅಂಕಿ ಓದಿದೆವು. ಎರಡರದ್ದೂ ಒಂದೇ ನಂಬರ್! ಜಾಹೀರಾತಿನ ಫೋಟೋದಲ್ಲೂ ಅದೇ. ಒಂದು ಪೀಸಿಗೆ ಒಂದು ನಂಬರ್ ಅಲ್ವಾ ಇರಬೇಕಾದ್ದು? ದುಡ್ಡು ಕಟ್ಟುವ ಮೊದಲೇ, ನಿಮಗೆ ಕಳಿಸುವ ಪೀಸಿನ ನಂಬರಿನ ಫೋಟೋ ಕೇಳಿ. ಅದನ್ನು ಕಂಪನಿಗೆ ಕಳಿಸಿ ವಿಚಾರಿಸಿ. ಮಾರುವವರು ಫೋಟೋ ಕೊಡದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ನಕಲಿಯ ಚುಕ್ಕೆ ದುಂಡಗಿರಲಿಲ್ಲ, ಬಾಲ ಬಂದ ಹಾಗೆ ಹರಡಿತ್ತು. ಇದು ಕಣ್ಣಿನ ದೋಷದಿಂದಲೂ ಆಗುತ್ತದೆ. ಹಾಗಾಗಿ ಮೊಬೈಲ್ ಕ್ಯಾಮೆರಾ ಹಿಡಿದು ಫೋಟೋ ತೆಗೆದೆ. ಫೋಟೋದಲ್ಲೂ ಬಾಲ ಹಾಗೇ ಇತ್ತು. ಅಣ್ಣನದರಲ್ಲಿ ಸೂಜಿಯಿಂದ ಚುಚ್ಚಿದಷ್ಟು ಚೊಕ್ಕ.

ಆಮೇಲೆ ನಮ್ಮ ಮಳೆ. ಜುಲೈನ ಒಂದು ರಾತ್ರಿ ಮೂರನ್ನೂ ಜಗಲಿಯಲ್ಲಿಟ್ಟೆ. ಬೆಳಿಗ್ಗೆ ನಕಲಿಯ ಗಾಜು ಮಬ್ಬು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ತೇವ ಒಳಗಿತ್ತು. ಮಧ್ಯಾಹ್ನದವರೆಗೂ ಆರಲಿಲ್ಲ. ಅಸಲಿಯನ್ನು 25 ಮೀಟರ್ ನೀರಿನಾಳಕ್ಕೂ ತಡೆಯುವಂತೆ ಮಾಡಿದ್ದಾರೆ, ಅದಕ್ಕೆ ಮಂಜು ಯಾವ ಲೆಕ್ಕ? ಅಗ್ಗದ್ದಕ್ಕೂ ಏನೂ ಆಗಲಿಲ್ಲ.

.22 ಕೋವಿ ಒದೆಯುವುದೇ ಇಲ್ಲ ಅನ್ನಬಹುದು. ಆದರೂ 40 ಗುಂಡು ಹೊಡೆಯುವಷ್ಟರಲ್ಲಿ, 25 ಮೀಟರ್ ದೂರದಲ್ಲಿ, ನಕಲಿಯ ಗುರಿ ನಾಲ್ಕು ಬೆರಳು ಎಡಕ್ಕೆ ಸರಿದಿತ್ತು. ಇನ್ನೆರಡು ಕದಲಲಿಲ್ಲ. ಗುಂಡು ನಾವು ಅಂದುಕೊಂಡ ಕಡೆಗೇ ಹೋಗಬೇಕು. ಅದರಲ್ಲಿ ರಾಜಿ ಇಲ್ಲ.

ಅಗ್ಗದ್ದರ ಕೊರತೆಯನ್ನೂ ಹೇಳಬೇಕು. ಅದರ ಚುಕ್ಕೆ 4 ಎಂಒಎ (ಚುಕ್ಕೆಯ ಗಾತ್ರ ಹೇಳುವ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು). 25 ಮೀಟರಿನಲ್ಲಿ ಸುಮಾರು 3 ಸೆಂಟಿಮೀಟರ್ ಮುಚ್ಚಿಬಿಡುತ್ತದೆ. ಅಸಲಿಯದು ಅದರ ಅರ್ಧ. ಹಬ್ಬದಲ್ಲಿ ಗುರಿಯಿಟ್ಟು ಹೊಡೆಯುವ ತೆಂಗಿನಕಾಯಿಗೆ ತೊಂದರೆಯಿಲ್ಲ, ಕಾಗದದ ಸಣ್ಣ ಗುರಿಗೆ ಕಷ್ಟ. ಆರಿಸಲು ಮರೆತರೆ ಬ್ಯಾಟರಿ ಬೇಗ ಮುಗಿಯುತ್ತದೆ. ಅಸಲಿ 50,000 ಗಂಟೆ ಉರಿಯುತ್ತದೆ, ಅಂದರೆ ಐದು ವರ್ಷಕ್ಕೂ ಜಾಸ್ತಿ.

ಅಣ್ಣನದನ್ನು ವಾಪಸ್ ಕೊಟ್ಟೆ. ಈಗ ಕೋವಿಯ ಮೇಲಿರುವುದು ಅಂಗಡಿಯದು. ನಕಲಿಯನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಇನ್ನೊಬ್ಬರ ತಲೆಗೆ ಕಟ್ಟಲು ನನಗೆ ಮನಸ್ಸಾಗಲಿಲ್ಲ. ಬ್ಯಾಟರಿ ತೆಗೆದಿಟ್ಟುಕೊಂಡು ಗಾಜು ಒಡೆದು ಬಿಸಾಡಿದೆ.