ಹಡಗು ಹತ್ತುವ ಮುನ್ನ ಕಾರವಾರದಲ್ಲೊಂದು ದಿನ: ಮೀನೂಟಕ್ಕೆ ಪೂರ್ತಿ ಅಂಕ, ತಿರುಗಾಟಕ್ಕೆ ಷರತ್ತು ಅನ್ವಯ

ಮರ್ಮಗೋವಾ ಬಂದರಿನಿಂದ ಕ್ರೂಸ್ ಹೊರಡುವವರು ಹಿಂದಿನ ರಾತ್ರಿ ಗೋವಾದಲ್ಲೇ ರೂಮು ಹಿಡಿಯುವುದು ವಾಡಿಕೆ. ಶಿರಸಿ, ಸಿದ್ದಾಪುರ, ಕುಮಟೆ, ಯಲ್ಲಾಪುರ ಕಡೆಯಿಂದ ಹೋಗುವ ಕುಟುಂಬಕ್ಕೆ ಅದರ ಅಗತ್ಯವಿಲ್ಲ. ಕಾರವಾರದಿಂದ ಮಡಗಾಂವ ಸುಮಾರು 70 ಕಿ.ಮೀ., ಅಲ್ಲಿಂದ ವಾಸ್ಕೊ ದಾಟಿ ಬಂದರಿನ ಗೇಟಿಗೆ ಇನ್ನು ಮೂವತ್ತು ಚಿಲ್ಲರೆ. ಒಂದು ಹಗಲು, ಒಂದು ರಾತ್ರಿ ಕಾರವಾರಕ್ಕೆ ಕೊಟ್ಟರೆ ಮೀನೂ ಸಿಗುತ್ತದೆ, ಕಡಲೂ ಸಿಗುತ್ತದೆ, ಗದ್ದಲ ಕಡಿಮೆ. ಆದರೆ ಒಂದು ಶಿಸ್ತು ಬೇಕು. ಭರ್ಜರಿ ಮೀನೂಟ ಹಿಂದಿನ ದಿನ ಮಧ್ಯಾಹ್ನಕ್ಕೆ ಇರಲಿ, ಹಡಗು ಹತ್ತುವ ದಿನ ಬೇಡವೇ ಬೇಡ. ಈ ಊರಿನ ಬಗ್ಗೆ ದೂರುವವರಲ್ಲಿ ಬಹಳ ಮಂದಿ ಈ ಎರಡನ್ನು ಅದಲುಬದಲು ಮಾಡಿಕೊಂಡವರೇ.

ಊಟದಿಂದಲೇ ಶುರು ಮಾಡೋಣ, ಕಾರವಾರದಲ್ಲಿ ಮೊದಲ ದರ್ಜೆಯದು ಅದೇ.

ಊರಿನ ಮೀನು ಹೋಟೆಲುಗಳನ್ನು ಹೆಸರಿನಿಂದ ಹುಡುಕುವುದಕ್ಕಿಂತ ಗುರುತಿನಿಂದ ಹುಡುಕುವುದು ಲೇಸು. ಅಡುಗೆಯವರು ಬದಲಾದರೂ ಬೋರ್ಡು ಬದಲಾಗುವುದಿಲ್ಲವಲ್ಲ. ಹನ್ನೆರಡೂವರೆಗೆ ಕಚೇರಿಯವರು, ಕೋರ್ಟಿನ ವಕೀಲರು, ಬ್ಯಾಂಕಿನವರು ಕೂತಿರುವ ಜಾಗ ಒಳ್ಳೆಯದು. ಗೋಡೆಯ ಹಲಗೆಯ ಮೇಲೆ ಅಂದಿನ ಮೀನಿನ ಹೆಸರು ಸೀಮೆಸುಣ್ಣದಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು. ವರ್ಷವಿಡೀ ಒಂದೇ ಮೀನಿನ ಪಟ್ಟಿ ಅಚ್ಚು ಹಾಕಿಸಿದ ಮೆನು ಕಂಡರೆ ಫ್ರೀಜರ್ ದೊಡ್ಡದಿದೆ ಎಂದು ತಿಳಿಯಿರಿ. ಎರಡೂವರೆಯ ನಂತರ ಹೋದರೆ ಒಳ್ಳೆಯ ಮೀನು ಮುಗಿದು, ಬಿಸಿ ಮಾಡಿದ ಸಾರು ಉಳಿದಿರುತ್ತದೆ. ಭಾನುವಾರ ಹುಬ್ಬಳ್ಳಿ, ಧಾರವಾಡದ ಕಾರುಗಳು ಹನ್ನೊಂದೂವರೆಗೇ ಸಾಲು ನಿಲ್ಲುತ್ತವೆ. ಸೋಮವಾರ ಊರಿನಲ್ಲಿ ಮೀನು ಮುಟ್ಟದವರು ಬಹಳ, ಮಾರುಕಟ್ಟೆಯೂ ಸಪ್ಪೆ. ಹೀಗಾಗಿ ಕಾರವಾರದ ಊಟ ಮಂಗಳವಾರದಿಂದ ಶನಿವಾರದ ಒಳಗೆ ಬೀಳುವಂತೆ ಹಡಗಿನ ದಿನ ಆರಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಥಾಲಿಯಲ್ಲಿ ಬರುವುದು ಇಷ್ಟು: ಕುಚ್ಚಲಕ್ಕಿ ಅಥವಾ ಬೆಳ್ತಿಗೆ ಅನ್ನ, ಮೀನಿನ ಸಾರು, ಒಂದು ಸಣ್ಣ ಮೀನಿನ ಫ್ರೈ, ಬೆಳಚಿನದೋ (ಹೊಳೆಯ ಚಿಪ್ಪುಜೀವಿ) ಶೆಟ್ಲಿಯದೋ (ಸಿಗಡಿ) ಸುಕ್ಕೆ, ಅಂದರೆ ತೆಂಗಿನಕಾಯಿ ಹಾಕಿದ ಒಣ ಪಲ್ಯ, ಕೆಲವೆಡೆ ಒಣ ಸಿಗಡಿಯ ಕಿಸ್ಮೂರ್, ಉಪ್ಪಿನಕಾಯಿ, ಕೊನೆಗೆ ಸೋಲ್‌ಕಡಿ. ಕುಚ್ಚಲಕ್ಕಿ ಇದೆಯೇ ಎಂದು ಮೊದಲೇ ಕೇಳಿ. ಕೇಳದವರಿಗೆ ಬಿಳಿ ಅನ್ನವೇ ಬರುತ್ತದೆ, ತೆಂಗಿನಕಾಯಿಯ ದಪ್ಪ ಸಾರಿಗೆ ಅದು ನಿಲ್ಲುವುದಿಲ್ಲ. ಬಂಗಡೆ, ತಾರ್ಲೆಯಂಥ (ಮಂಗಳೂರಿನವರ ಬೂತಾಯಿ) ಎಣ್ಣೆ ಮೀನಿನ ಸಾರಿಗೆ ಇಲ್ಲಿ ತಿರಫಳ ಎಂಬ ಮಸಾಲೆ ಕಾಯಿ ಹಾಕುತ್ತಾರೆ. ಒಳಗಿನ ಕರಿ ಬೀಜ ತೆಗೆದು, ಸಿಪ್ಪೆ ಮಾತ್ರ ತುಸು ಜಜ್ಜಿ, ಸಾರು ಇಳಿಸುವ ಹೊತ್ತಿಗೆ ಬಿಡುವುದು ಕ್ರಮ. ಅದು ಪರಿಮಳಕ್ಕೆ, ಅಗಿಯುವುದಕ್ಕಲ್ಲ. ಅಗಿದರೆ ನಾಲಿಗೆ ಜೋಮು ಹಿಡಿದು ಮಕ್ಕಳು ಗಾಬರಿ ಬೀಳುತ್ತಾರೆ, ಆಮೇಲೆ ಸಾರನ್ನೇ ದೂರುತ್ತಾರೆ. ತಟ್ಟೆಯ ಅಂಚಿಗೆ ಎತ್ತಿಟ್ಟು ಊಟ ಮಾಡಿ ಎಂದು ಮೊದಲೇ ಹೇಳಿಬಿಡಿ. ಸೋಲ್‌ಕಡಿ ಮುರುಗಲ (ಕೋಕಂ) ಸಿಪ್ಪೆ ನೆನೆಸಿದ ನೀರಿಗೆ ತೆಂಗಿನ ಹಾಲು ಸೇರಿಸಿ ಮಾಡಿದ್ದಾದರೆ ಬಣ್ಣ ಮಾಸಲು ನಸುಗೆಂಪಿರುತ್ತದೆ, ತುಸು ಹೊತ್ತು ಬಿಟ್ಟರೆ ಒಡೆಯುತ್ತದೆ. ಥಳಥಳ ಗುಲಾಬಿಯಾಗಿ, ಒಡೆಯದೆ ನಿಂತರೆ ಬಾಟಲಿಯ ಸಿರಪ್ಪು.

ಯಾರಿಗೆ ಯಾವ ಮೀನು ಎಂಬುದರಲ್ಲಿ ಹೊರಗಿನವರು ಎಡವುತ್ತಾರೆ. ಸಣ್ಣ ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ನೋಗ್ಲಿ ಹೇಳಿ (ಮಂಗಳೂರಿನವರ ಕಾಣೆ). ನಡುವಿನ ಮುಳ್ಳು ಎತ್ತಿದರೆ ಎರಡೂ ಬದಿ ಮೆತ್ತಗೆ ಬಿಡಿಸಿಕೊಳ್ಳುತ್ತದೆ. ಇಸ್ವಾಣದ (ಅಂಜಲ್) ತುಂಡಾದರೂ ಆಗುತ್ತದೆ. ತಾರ್ಲೆ ರುಚಿಯಲ್ಲಿ ಎಲ್ಲಕ್ಕಿಂತ ಮೇಲು ಎಂದು ಊರವರು ವಾದಿಸುತ್ತಾರೆ, ವಾದ ಸರಿಯೂ ಹೌದು, ಆದರೆ ಅದರ ಕೂದಲೆಳೆ ಮುಳ್ಳು ಅಭ್ಯಾಸವಿಲ್ಲದ ಗಂಟಲಿಗೆ ಆಗದು. ಇಸ್ವಾಣ ರವಾ ಫ್ರೈ ಹೇಳುವಾಗ ತುಂಡು ಅರ್ಧ ಇಂಚಿಗಿಂತ ದಪ್ಪ ಬೇಡ ಎನ್ನಿ. ದಪ್ಪ ತುಂಡಾದರೆ ರವೆ ಕೆಂಪಾಗುವಷ್ಟರಲ್ಲಿ ನಡುವಿನ ಮಾಂಸ ಬೆಂದಿರುವುದಿಲ್ಲ, ಬೇಯಲಿ ಎಂದು ಬಿಟ್ಟರೆ ರವೆ ಕರಕಲು. ಇಡೀ ಪಾಪ್ಲೆಟ್‌ಗೆ ಮುಳ್ಳಿನವರೆಗೆ ಕಚ್ಚು ಹಾಕಿ, ತವಾದಲ್ಲಿ ಮಸಾಲೆ ಫ್ರೈ ಮಾಡಿಸುವುದೇ ಸರಿ.

ಬಿಲ್ಲಿನ ಜಗಳ ಬರುವುದು ‘ಸೈಜಿನ ಪ್ರಕಾರ’ ಎಂದು ಬರೆದ ಮೀನುಗಳಲ್ಲಿ. ಪಾಪ್ಲೆಟ್, ದೊಡ್ಡ ಶೆಟ್ಲಿ, ಏಡಿ ಎಲ್ಲಕ್ಕೂ ಇದೇ ಕಥೆ. ಮೀನನ್ನು ಮೇಜಿಗೆ ತರಿಸಿ, ಮಸಾಲೆ ಹಚ್ಚುವ ಮುಂಚೆ ನೋಡಿ, ಬೆಲೆ ಹೇಳಿಸಿಕೊಂಡು, ಆಮೇಲೆ ಒಪ್ಪಿಗೆ ಕೊಡಿ. ಇದಕ್ಕೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ನೋಡುವಾಗ ಕಿವಿರು ಎತ್ತಿಸಿ: ಕೆಂಪಿರಬೇಕು, ಕಂದು ಬೇಡ. ಕಣ್ಣು ಉಬ್ಬಿ ಹೊಳೆಯಬೇಕು, ಬೆರಳಿಟ್ಟ ಗುಳಿ ತಕ್ಷಣ ತುಂಬಬೇಕು. ಶೆಟ್ಲಿಯ ತಲೆ ಕಪ್ಪಾಗಿದ್ದರೆ ಬೇಡ. ಏಡಿಯನ್ನು ಕೈಯಲ್ಲಿ ತೂಗಿ ನೋಡಿ, ಗಾತ್ರಕ್ಕೆ ತಕ್ಕ ಭಾರವಿಲ್ಲದ್ದು ಒಳಗೆ ನೀರು. ಹುಣ್ಣಿಮೆಯ ಏಡಿ ಪೊಳ್ಳು, ಅಮಾವಾಸ್ಯೆಯದು ತುಂಬು ಎಂದು ಮೀನು ಮಾರುವ ಹೆಂಗಸರು ಹೇಳುತ್ತಾರೆ. ಪಂಚಾಂಗ ನೋಡಿ ಊಟಕ್ಕೆ ಹೋಗುವ ಊರು ಇದೊಂದೇ ಇರಲಾರದು.

ಬಂಗಡೆಯ ಬಗ್ಗೆ ಒಂದು ಎಚ್ಚರಿಕೆ. ಹಿಡಿದ ಮೇಲೆ ಹಿಮವಿಲ್ಲದೆ ಬಿಸಿಲಲ್ಲಿ ಬಿದ್ದಿದ್ದ ಬಂಗಡೆಯ ಮಾಂಸದಲ್ಲಿ ಹಿಸ್ಟಮಿನ್ ಸೇರುತ್ತದೆ, ಎಷ್ಟು ಕುದಿಸಿದರೂ ಹುರಿದರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಬಾಯಿ ಚುರುಗುಟ್ಟಿ, ತಲೆ ಸಿಡಿಯುತ್ತದೆ. ಜನ ಇದನ್ನು ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ, ನಿಜಕ್ಕೂ ಅದು ಕೆಟ್ಟ ಮೀನು. ನಾಲಿಗೆಗೆ ಮೆಣಸಿನಂತೆ ಚುಚ್ಚುವ ಬಂಗಡೆಯನ್ನು ಮೊದಲ ತುತ್ತಿಗೇ ಬಿಟ್ಟುಬಿಡಿ. ಬೆಳಚು, ಕಲ್ವದಂಥ ಚಿಪ್ಪಿನ ಜೀವಿಗಳು ಹೊಳೆಯ ನೀರನ್ನು ಸೋಸಿ ತಿನ್ನುವುದರಿಂದ ನೀರಿನಲ್ಲಿದ್ದ ಕೊಳೆಯೂ ಅವುಗಳ ಒಳಗೇ ಉಳಿಯುತ್ತದೆ. ಬೆಂದಾಗ ಬಾಯಿ ತೆರೆಯದ ಚಿಪ್ಪು ತಿನ್ನಬಾರದು. ಕಾಳಿ ಹೊಳೆಯ ಬೆಳಚಿನ ಸುಕ್ಕೆಗೆ ಸಾಟಿಯಿಲ್ಲ, ಆದರೂ ಅದು ಮಧ್ಯಾಹ್ನದ ತಟ್ಟೆಗೆ ಮಾತ್ರ. ರಾತ್ರಿ ಅನ್ನ, ಸಾರು, ಮಜ್ಜಿಗೆ. ಹಡಗಿನವರು ಹತ್ತಿಸುವಾಗ ವಾಂತಿ, ಭೇದಿ ಇದೆಯೇ ಎಂದು ಆರೋಗ್ಯದ ಫಾರ್ಮಿನಲ್ಲಿ ಕೇಳುವುದುಂಟು. ಒಬ್ಬರ ಹೊಟ್ಟೆ ಕೆಟ್ಟರೆ ಇಡೀ ಕುಟುಂಬದ ಟಿಕೆಟ್ ಅಡಕತ್ತರಿಗೆ ಸಿಕ್ಕಿದಂತೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಸಿಗುವುದು ನಾಡದೋಣಿಯ ಮೀನು, ಹೊಳೆಮೀನು, ಇಲ್ಲವೇ ಹಿಮದ ಮೀನು. ಆ ಹೊತ್ತಿಗೆ ಕಾರವಾರವನ್ನು ಮೀನೂಟಕ್ಕೆಂದು ಆರಿಸುವುದು ಬೇಡ.

ಇನ್ನು ಶಿರಸಿ ಕಡೆಯ ಮನೆಗಳ ಸಮಸ್ಯೆ: ಅರ್ಧ ಜನ ಮೀನು ತಿನ್ನುವವರು, ಇನ್ನರ್ಧ ವಾಸನೆಯೂ ಆಗದವರು. ‘ವೆಜ್, ನಾನ್‌ವೆಜ್’ ಎರಡೂ ಬರೆದ ಹೋಟೆಲಿನಲ್ಲಿ ಕಾವಲಿ ಬೇರೆ ಇದ್ದರೂ ಎಣ್ಣೆ ಬೇರೆ ಇರುತ್ತದೆಂಬ ಖಾತ್ರಿಯಿಲ್ಲ. ಎರಡು ಗುಂಪಾಗಿ ಎರಡು ಕಡೆ ಉಂಡು, ಕಡಲ ದಂಡೆಯಲ್ಲಿ ಸೇರುವುದೇ ಜಗಳವಿಲ್ಲದ ದಾರಿ.

ತಿರುಗಾಟದ ವಿಷಯ. ಶಿರಸಿಯಿಂದ ಬೆಳಿಗ್ಗೆ ಆರಕ್ಕೆ ಬಿಟ್ಟರೆ ಕುಮಟೆ, ಅಂಕೋಲೆ ಮೇಲೆ ಒಂಬತ್ತೂವರೆಯೊಳಗೆ ಕಾರವಾರ. ದೇವಿಮನೆ ಘಟ್ಟ ತೆರೆದಿದೆಯೇ ಎಂದು ಹಿಂದಿನ ದಿನ ವಿಚಾರಿಸಿ, ಮುಚ್ಚಿದ್ದರೆ ಯಲ್ಲಾಪುರ, ಅಂಕೋಲೆ ದಾರಿ. ಬಂದ ತಕ್ಷಣ ಮಾಡಬೇಕಾದ್ದು ದೋಣಿ ವಿಹಾರ. ಮಳೆ ಕಳೆದ ಮೇಲೆ ಬೆಳಗಿನ ಕಡಲು ತೆಪ್ಪಗಿರುತ್ತದೆ, ಮಧ್ಯಾಹ್ನವಾದಂತೆ ಕಡಲಗಾಳಿ ಎದ್ದು ಅಲೆ ಏರುತ್ತದೆ. ಕೂರ್ಮಗಡ ದ್ವೀಪದ ಕಡೆ ಹೋಗಿ ಬರಲು ಹತ್ತು ಗಂಟೆ ಸರಿ, ಮೂರು ಗಂಟೆ ತಪ್ಪು. ಕಾಳಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳುದಿಬ್ಬಗಳಿವೆ, ನೀರಿಳಿದಾಗ ದೋಣಿ ತಳ ತಾಗುತ್ತದೆ. ಆದ್ದರಿಂದ ಆ ದಿನದ ಉಬ್ಬರ ಎಷ್ಟು ಗಂಟೆಗೆ ಎಂದು ದೋಣಿಯವರನ್ನೇ ಕೇಳಿ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವ ಲೆಕ್ಕವದು, ನಿನ್ನೆಯ ಸಮಯ ಇಂದು ನಡೆಯದು. ಲೈಫ್ ಜಾಕೆಟ್ ಮಕ್ಕಳ ಅಳತೆಯದು ಇಲ್ಲದಿದ್ದರೆ ಇಳಿದುಬಿಡಿ. ದೊಡ್ಡವರ ಜಾಕೆಟ್ ಮಗುವಿನ ತಲೆಯ ಮೇಲಿಂದ ಜಾರಿ ಹೋಗುತ್ತದೆ. ಈ ಒಂದು ತಾಸು ಇನ್ನೊಂದಕ್ಕೂ ಉಪಯೋಗ: ಮನೆಯಲ್ಲಿ ಯಾರಿಗೆ ಕಡಲು ತಡೆಯುವುದಿಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಚಪಲ್ ಯುದ್ಧನೌಕೆ ಮಕ್ಕಳಿಗೆ ಇಷ್ಟವಾಗುತ್ತದೆ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ಹಡಗು ಇದೇ ಎಂದು ಹೇಳುವವರಿದ್ದಾರೆ. ಅದು ಇದೇ ಬಗೆಯ ಕ್ಷಿಪಣಿ ದೋಣಿಗಳು ಮಾಡಿದ ಕೆಲಸ, ಚಪಲ್ ಸೇನೆಗೆ ಸೇರಿದ್ದು 1976ರಲ್ಲಿ, ನಿವೃತ್ತಿ 2005ರಲ್ಲಿ. ಒಳಗೆ ಇಕ್ಕಟ್ಟು, ಬಿಸಿಲೇರಿದರೆ ಕಬ್ಬಿಣದ ಒಲೆ, ಮಂಡಿ ನೋವಿನವರಿಗೆ ಏಣಿ ಆಗದು. ಪಕ್ಕದಲ್ಲಿ ಟುಪೊಲೆವ್ 142 ವಿಮಾನವೂ ಇದೆ. ಎರಡಕ್ಕೂ ಒಂದು ತಾಸು ಸಾಕು. ತೀರಕ್ಕೆ ಆ ಹೆಸರು ಬಂದದ್ದು 1880ರ ದಶಕದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ರವೀಂದ್ರನಾಥರು ಬಂದದ್ದರಿಂದ.

ತಿಳಮಾತಿ ಕಡಲತೀರದ ಕಪ್ಪು ಮರಳನ್ನು ಎಲ್ಲರೂ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಎಳ್ಳಿನಂಥ ಕಾಳುಕಾಳು ಮರಳು, ನೋಡಬೇಕಾದ್ದೇ. ಆದರೆ ಮಾಜಾಳಿಯಿಂದ ಗುಡ್ಡ, ಬಂಡೆ ಹಿಡಿದು ನಡೆಯಬೇಕು, ಹವಾಯಿ ಚಪ್ಪಲಿಯಲ್ಲಿ ಹೋದರೆ ಜಾರುವುದು ಖಂಡಿತ. ಅಜ್ಜ ಅಜ್ಜಿ ಜೊತೆಗಿದ್ದರೆ ಅದನ್ನು ಬಿಟ್ಟು ಸಂಜೆ ಸದಾಶಿವಗಡದ ಕೋಟೆ ಗುಡ್ಡಕ್ಕೆ ಹೋಗಿ. ಅಳಿವೆ, ಸೇತುವೆ, ದ್ವೀಪಗಳು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಅರಗಾ ಕಡೆಯ ನೌಕಾನೆಲೆಯ ಹತ್ತಿರ ಡ್ರೋನ್, ಕ್ಯಾಮೆರಾ ಹೊರ ತೆಗೆಯಬೇಡಿ.

ರಾತ್ರಿಯ ರೂಮು ಕಾಳಿಯ ಉತ್ತರ ದಂಡೆಗೆ, ಅಂದರೆ ಸದಾಶಿವಗಡ, ಮಾಜಾಳಿ ಕಡೆಗೆ ಇರಲಿ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದ ಮೇಲೆ ಗೋವಾ ದಾರಿಯ ವಾಹನ ಎರಡೂ ದಿಕ್ಕಿಗೆ ಹೊಸ ಸೇತುವೆಯನ್ನೇ ನೆಚ್ಚಿದ್ದು. ಒಂದು ಲಾರಿ ಕೆಟ್ಟು ನಿಂತರೆ ಎರಡೂ ಕಡೆ ಸಾಲು. ಹಡಗಿಗೆ ಹೊರಟ ಬೆಳಿಗ್ಗೆ ಸೇತುವೆ ದಾಟುವ ಕೆಲಸ ಬಾಕಿ ಇರಬಾರದು.

ಬೆಳಿಗ್ಗೆ ಇಡ್ಲಿ, ಅಷ್ಟೇ. ಗೋವಾದ ಕಾಣಕೋಣ ದಾಟಿದ ಮೇಲೆ ಕರಮಲ್ ಘಟ್ಟದ ತಿರುವುಗಳಿವೆ, ಮಕ್ಕಳು ಹಡಗಿಗಿಂತ ಮೊದಲು ವಾಂತಿ ಮಾಡುವುದು ಅಲ್ಲೇ. ಅವೊಮಿನ್ ಮಾತ್ರೆ ಕೊಡುವುದಾದರೆ ಹೊರಡುವ ಮೊದಲೇ ನುಂಗಿಸಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ. 2 ವರ್ಷದೊಳಗಿನ ಮಕ್ಕಳಿಗೆ ಅದು ಸಲ್ಲದು, ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಕೊಡಿ. ಹತ್ತಲು ಕೊಟ್ಟ ಕೊನೆಯ ಸಮಯದಿಂದ ನಾಲ್ಕೂವರೆ ತಾಸು ಹಿಂದಕ್ಕೆ ಎಣಿಸಿ ಹೊರಡಿ: ದಾರಿಗೆ ಎರಡೂವರೆ, ಘಟ್ಟ ಮತ್ತು ಮಡಗಾಂವದ ಸಂದಣಿಗೆ ಒಂದು, ಬಂದರಿನ ತಪಾಸಣೆಗೆ ಒಂದು. ರೈಲು ಬೇಕೆಂದರೆ ಕಾರವಾರ ನಿಲ್ದಾಣ ಊರೊಳಗಿಲ್ಲ, ಶಿರವಾಡದಲ್ಲಿದೆ, ಆಟೊ ಹಿಂದಿನ ರಾತ್ರಿಯೇ ಹೇಳಿಡಬೇಕು. ಮಡಗಾಂವದಲ್ಲಿ ಇಳಿದ ಮೇಲೆ ಬಂದರಿಗೆ ಅಲ್ಲಿನದೇ ಟ್ಯಾಕ್ಸಿ.

ಮೀನು ಪೇಟೆಯಲ್ಲಿ ಒಣ ಬಂಗಡೆ, ಒಣ ಸಿಗಡಿ ಕಂಡು ಕೈ ಚಾಚಬೇಡಿ. ಹೊರಗಿನ ತಿನಿಸನ್ನು ಹಡಗಿಗೆ ಬಿಡುವುದಿಲ್ಲ. ಬಿಟ್ಟರೂ, ಕಿಟಕಿ ತೆರೆಯದ ಎ.ಸಿ. ಕೋಣೆಯಲ್ಲಿ ಒಣಮೀನಿನ ಚೀಲದ ಜೊತೆ ಮೂರು ರಾತ್ರಿ ಮಲಗುವವರು ನೀವೇ. ವಾಪಸು ಬರುವಾಗ ಕೊಳ್ಳಿ, ಎರಡು ಪ್ಲಾಸ್ಟಿಕ್ ಕೊಟ್ಟೆ ಒಂದರೊಳಗೊಂದು ಹಾಕಿಸಿ, ಡಿಕ್ಕಿಯಲ್ಲಿಡಿ.