ಸ್ನಾಯುರಜ್ಜು ಎಲುಬಿಗೆ ಕೂಡುವೆಡೆಯ ದುರಸ್ತಿ: ನಾನು ಪರೀಕ್ಷಿಸಿದ ಮೂರು ಸ್ಕ್ಯಾಫೋಲ್ಡ್‌ಗಳು

ಭುಜದ ಕೀಲನ್ನು ಸುತ್ತುವರಿದ ಸ್ನಾಯು-ರಜ್ಜುಗಳ ಗುಂಪಾದ ರೊಟೇಟರ್ ಕಫ್‌ನಂಥ ಕಡೆಗಳಲ್ಲಿ ಸ್ನಾಯುರಜ್ಜು, ಖನಿಜರಹಿತ ನಾರುಮೃದ್ವಸ್ಥಿ (ನಾರು ತುಂಬಿದ ಮೆದುಎಲುಬು), ಖನಿಜಯುಕ್ತ ನಾರುಮೃದ್ವಸ್ಥಿ ಮತ್ತು ಎಲುಬು ಎಂಬ ನಾಲ್ಕು ವಲಯಗಳು ಅತಿ ಕಿರಿದಾದ ಜಾಗದಲ್ಲಿ ಒಂದರೊಳಗೊಂದು ಬೆರೆತಿರುತ್ತವೆ. ಕೆಲವು ನೂರು ಮೆಗಾಪಾಸ್ಕಲ್ ಬಿಗಿತದ ರಜ್ಜು ಸುಮಾರು 20 ಗಿಗಾಪಾಸ್ಕಲ್ ಬಿಗಿತದ ಎಲುಬಿಗೆ ಅಂಟಿಕೊಂಡಿರುವುದು ಈ ಬೆರಕೆಯಿಂದಲೇ. ಹರಿದದ್ದನ್ನು ಹೊಲಿದರೆ ಈ ರಚನೆ ಮರಳುವುದಿಲ್ಲ. ಬರಿಯ ಗಾಯದ ಅಂಗಾಂಶ ತುಂಬಿಕೊಳ್ಳುತ್ತದೆ. ಅದಕ್ಕೇ ಕೋಶಗಳು ನೆಲೆಸಿ ಬೆಳೆಯಲು ಆಸರೆಯಾಗುವ ಚೌಕಟ್ಟನ್ನು, ಅಂದರೆ ಸ್ಕ್ಯಾಫೋಲ್ಡನ್ನು, ಅಲ್ಲಿ ಕೂರಿಸುವ ಯೋಚನೆ.

ಮೊದಲು ಪದರಗಳ ಸ್ಕ್ಯಾಫೋಲ್ಡ್ ಮಾಡಿದೆ: ಒಂದು ತುದಿಯಲ್ಲಿ ರಜ್ಜಿನ ಮುಖ್ಯ ನಾರುಪ್ರೋಟೀನಾದ ಕೊಲಾಜೆನ್, ನಡುವೆ ಮೃದ್ವಸ್ಥಿ ಕೋಶಗಳಿಗೆ ಜೆಲ್, ಇನ್ನೊಂದು ತುದಿಯಲ್ಲಿ ಎಲುಬಿನ ಖನಿಜವಾದ ಹೈಡ್ರಾಕ್ಸಿಅಪಟೈಟ್ ಬೆರೆಸಿದ ಪಾಲಿಮರ್. ಪ್ರತಿ ಪದರವನ್ನೂ ಬೇರೆಬೇರೆಯಾಗಿ ತಯಾರಿಸಿ ಅದಕ್ಕೊಪ್ಪುವ ಕೋಶಗಳನ್ನು ಬಿತ್ತಬಹುದಾದ್ದರಿಂದ ಕೆಲಸ ಸಲೀಸಾಗಿತ್ತು. ಆದರೆ ಎಳೆತದ ಯಂತ್ರಕ್ಕೆ ಕಚ್ಚಿಸಿದಾಗಲೆಲ್ಲ ಅದು ಪದರದ ಒಡಲಲ್ಲಿ ಹರಿಯದೆ, ಎರಡು ಪದರಗಳ ಗಡಿಯಲ್ಲಿಯೇ ಬಿಚ್ಚಿಕೊಂಡಿತು. ಒಂದು ಅಪಾಯದ ಗಡಿಯನ್ನು ತಪ್ಪಿಸಹೋಗಿ ನಾನು ಎರಡನ್ನು ಕಟ್ಟಿದ್ದೆ.

ಎರಡನೆಯದು ಎಲೆಕ್ಟ್ರೋಸ್ಪಿನ್ನಿಂಗ್‌ನಿಂದ, ಅಂದರೆ ಪಾಲಿಮರ್ ದ್ರಾವಣವನ್ನು ವಿದ್ಯುತ್ ಬಲದಿಂದ ಅತಿ ಸಣ್ಣ ಎಳೆಗಳಾಗಿ ಸೆಳೆದು, ನೂತ ನ್ಯಾನೊನಾರಿನ ಚಾಪೆ. ಅದನ್ನು ಓರೆಯಾಗಿ ನಿಲ್ಲಿಸಿ, ದೇಹದ್ರವವನ್ನು ಹೋಲುವ, ಆದರೆ ಅದಕ್ಕಿಂತ 10 ಪಟ್ಟು ಸಾಂದ್ರವಾದ ಲವಣದ್ರಾವಣವನ್ನು ನಿಧಾನವಾಗಿ ಏರಿಸಿದರೆ, ಹೆಚ್ಚು ಹೊತ್ತು ಮುಳುಗಿದ ತುದಿಯಲ್ಲಿ ಖನಿಜ ದಟ್ಟವಾಗಿಯೂ ಮೇಲ್ತುದಿಯಲ್ಲಿ ವಿರಳವಾಗಿಯೂ ಕೂರುತ್ತದೆ. ದ್ರಾವಣ ಏರುವ ವೇಗ ಸ್ವಲ್ಪ ತಪ್ಪಿದರೂ ಖನಿಜ ಪಟ್ಟೆಪಟ್ಟೆಯಾಗುತ್ತದೆ. ನನ್ನ ಮೊದಲ ಚಾಪೆಗಳೆಲ್ಲ ಹೀಗೆಯೇ ಕಸದ ಬುಟ್ಟಿ ಸೇರಿದವು. ಸರಿಯಾಗಿ ಬಂದವುಗಳಲ್ಲಿ ಬಿಗಿತ ಹಂತವಿಲ್ಲದೆ ಏರುತ್ತದೆ, ಒಂದೇ ದಿಕ್ಕಿಗೆ ನೂತ ನಾರುಗಳ ಜಾಡಿನಲ್ಲಿ ಕೋಶಗಳೂ ಉದ್ದಕ್ಕೆ ಚಾಚಿಕೊಳ್ಳುತ್ತವೆ. ಅದರ ದೌರ್ಬಲ್ಯ ರಂಧ್ರಗಳದು: ಅವು ಕಿರಿದಾದ್ದರಿಂದ ಕೋಶಗಳು ಮೇಲ್ಮೈಯಲ್ಲೇ ಉಳಿಯುತ್ತವೆ, ಆಳಕ್ಕಿಳಿಯುವುದಿಲ್ಲ.

ಮೂರನೆಯದಾಗಿ, ಪ್ರಾಣಿಯ ರಜ್ಜು–ಎಲುಬಿನ ತುಂಡನ್ನೇ ಮಾರ್ಜಕ ಮತ್ತು ಕಿಣ್ವಗಳಿಂದ ತೊಳೆದು ಕೋಶರಹಿತಗೊಳಿಸಿದೆ. ರಚನೆಯಲ್ಲಿ ಇದಕ್ಕೆ ಸಾಟಿಯಿಲ್ಲ, ಏಕೆಂದರೆ ನಾಲ್ಕೂ ವಲಯಗಳು ಸಹಜವಾಗಿಯೇ ಇರುತ್ತವೆ. ಆದರೆ ಕೋಶಗಳು ಹೋಗಿವೆ ಎನ್ನಲು ಒಣತೂಕದ ಮಿಲಿಗ್ರಾಂಗೆ 50 ನ್ಯಾನೊಗ್ರಾಂಗಿಂತ ಕಡಿಮೆ ಡಿಎನ್‌ಎ ಉಳಿಯಬೇಕೆಂಬ ಸಾಮಾನ್ಯ ಮಾನದಂಡವನ್ನು ಮುಟ್ಟುವಷ್ಟು ತೊಳೆದರೆ, ಮೃದ್ವಸ್ಥಿಯ ನೀರು ಹಿಡಿಯುವ ಪ್ರೋಟಿಯೋಗ್ಲೈಕನ್‌ಗಳೂ ಸೋರಿಹೋಗುತ್ತವೆ. ಕಡಿಮೆ ತೊಳೆದರೆ ಎಲುಬಿನ ಕುಳಿಗಳಲ್ಲಿ ಕೋಶಗಳ ಅವಶೇಷ ಉಳಿಯುತ್ತದೆ. ಮತ್ತೆ ಬಿತ್ತಿದ ಕಾಂಡಕೋಶಗಳು ಆ ದಟ್ಟ ಕೊಲಾಜೆನ್ನಿನೊಳಗೆ ಸುಲಭವಾಗಿ ನುಸುಳಲೂ ಇಲ್ಲ.

ಬಿಎಂಪಿ-2, ಟಿಜಿಎಫ್-ಬೀಟಾ-3 ಮುಂತಾದ ಬೆಳವಣಿಗೆ ಅಂಶಗಳನ್ನು (ಕೋಶಗಳ ಬೆಳವಣಿಗೆಗೆ ಸೂಚನೆ ಕೊಡುವ ಪ್ರೋಟೀನ್‌ಗಳನ್ನು) ಮೂರಕ್ಕೂ ಸೇರಿಸಬಹುದಾದ್ದರಿಂದ ಆಯ್ಕೆಯಲ್ಲಿ ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೇಜಿನ ಮೇಲಿನ ಈ ಪರೀಕ್ಷೆಗಳ ಮಟ್ಟಿಗೆ ನನ್ನ ಒಲವು ನಾರಿನ ಚಾಪೆಯ ಕಡೆಗಿದೆ. ಸದ್ಯ ಕರಗಿಹೋಗುವ ನಾರುಗಳನ್ನು ನಡುನಡುವೆ ನೂತು, ಅವು ಕರಗಿದ ಮೇಲೆ ಕೋಶಗಳಿಗೆ ದಾರಿಯಾಗುವಂತೆ ಅದನ್ನು ತಿದ್ದುತ್ತಿದ್ದೇನೆ.