ಒಂದೇ ಮುಖ, ಹಲವು ತಿದ್ದುಪಡಿ: ಮಾಡೆಲಿಂಗ್ ಪೋರ್ಟ್‌ಫೋಲಿಯೋಗೆ ಎಷ್ಟು ರೀಟಚ್ ಸಲ್ಲುತ್ತದೆ?

ಮಂಗಳೂರು, ಉಡುಪಿಯ ಕಡೆಯಿಂದ ಮಾಡೆಲಿಂಗ್‌ಗೆ ಹೊರಡುವ ಯುವಕ ಯುವತಿಯರ ಪೋರ್ಟ್‌ಫೋಲಿಯೋ, ಅಂದರೆ ಕೆಲಸ ಕೇಳುವಾಗ ತೋರಿಸುವ ಸಂಗ್ರಹದ, ಚಿತ್ರಗಳನ್ನು ತೆಗೆದು ತಿದ್ದಿಕೊಡುವುದು ನನ್ನ ಕೆಲಸದ ಒಂದು ಭಾಗ. ಎಷ್ಟು ತಿದ್ದಬೇಕು ಎಂಬ ವಿಷಯದಲ್ಲಿ ಮಾಡೆಲ್‌ಗೆ ಒಂದು ಅಭಿಪ್ರಾಯ, ಮನೆಯವರಿಗೆ ಇನ್ನೊಂದು, ಚಿತ್ರ ನೋಡಿ ಕೆಲಸಕ್ಕೆ ಕರೆಯುವವರಿಗೆ ಮತ್ತೊಂದು ಇರುತ್ತದೆ. ಆದ್ದರಿಂದ ಈ ಮಳೆಗಾಲದಲ್ಲಿ ಉಡುಪಿಯ ಯುವತಿಯೊಬ್ಬರ ಒಪ್ಪಿಗೆ ಪಡೆದು, ಒಂದೇ ರಾ ಫೈಲನ್ನು (ಕ್ಯಾಮೆರಾ ದಾಖಲಿಸಿದ, ಇನ್ನೂ ಸಂಸ್ಕರಿಸದ ಮೂಲ ಚಿತ್ರವನ್ನು) ಬೇರೆ ಬೇರೆ ವಿಧಾನಗಳಲ್ಲಿ ತಿದ್ದಿ, ಪ್ರಿಂಟ್ ಹಾಕಿಸಿ, ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಜಾಹೀರಾತುಗಳಿಗೆ ಮಾಡೆಲ್‌ಗಳನ್ನು ಆರಿಸುವ ಬೆಂಗಳೂರಿನ ಪರಿಚಿತರೊಬ್ಬರಿಗೂ, ಚಿನ್ನದ ಅಂಗಡಿಗಳಿಗೆ ಜಾಹೀರಾತು ಮಾಡಿಕೊಡುವ ಇಲ್ಲಿನ ಒಬ್ಬರಿಗೂ ಅವನ್ನು ತೋರಿಸಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡೆ.

ಚಿತ್ರ ತೆಗೆದದ್ದು ಹಳೆಯ ಹಂಚಿನ ಮನೆಯ ಜಗಲಿಯಲ್ಲಿ, ಮೋಡ ಮುಸುಕಿದ ಬೆಳಕಿನಲ್ಲಿ. ಹಿಂದೆ ಗಾರೆ ಮೆತ್ತದ ಕೆಂಪು ಮುರಕಲ್ಲಿನ ಗೋಡೆ. ಯುವತಿಯ ಗಲ್ಲದ ಮೇಲೆ ಆ ವಾರ ಎದ್ದ ಮೊಡವೆ, ಎಡ ಹುಬ್ಬನ್ನು ಸೀಳಿದಂತೆ ಬಾಲ್ಯದ ಒಂದು ಸಣ್ಣ ಗಾಯದ ಗುರುತು, ಮೇಲ್ದುಟಿಯ ಬಳಿ ಮಚ್ಚೆ, ಕಣ್ಣಿನ ಕೆಳಗೆ ತೆಳುವಾದ ಕಪ್ಪು, ಮತ್ತು ಕರಾವಳಿಯ ಸೆಕೆಗೆ ಯಾರನ್ನೂ ಬಿಡದ ಹಣೆಯ ಬೆವರಿನ ಹೊಳಪು ಇದ್ದವು. ಇವುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬಲ್ಲಿಯೇ ವಿಧಾನಗಳ ವ್ಯತ್ಯಾಸ ಗೊತ್ತಾಗುತ್ತದೆ.

ಏನೂ ತಿದ್ದದ ಚಿತ್ರವನ್ನು ಮೊದಲು ಇಡುತ್ತೇನೆ. ಏಜೆನ್ಸಿಗಳು ಇಂಥವನ್ನು ಡಿಜಿಟಲ್ಸ್ ಎಂದೂ, ಹಿಂದಿನ ರೂಢಿಯಂತೆ ಪೋಲರಾಯ್ಡ್ ಎಂದೂ ಕರೆಯುತ್ತವೆ: ಮೇಕಪ್ ಇಲ್ಲದೆ, ಸಾದಾ ಹಿನ್ನೆಲೆಯಲ್ಲಿ, ಕೂದಲು ಹಿಂದಕ್ಕೆ ಕಟ್ಟಿ, ಎದುರಿನಿಂದ, ಪಕ್ಕದಿಂದ ಮತ್ತು ಪೂರ್ತಿ ಎತ್ತರ ಕಾಣುವಂತೆ ತೆಗೆದ ಚಿತ್ರಗಳು. ಬೆಂಗಳೂರಿನವರು ಬೇರೆ ಯಾವುದನ್ನೂ ನೋಡುವ ಮೊದಲು ಇದನ್ನೇ ಕೈಗೆತ್ತಿಕೊಂಡರು. ಆದರೆ ಇಡೀ ಪೋರ್ಟ್‌ಫೋಲಿಯೋ ಹೀಗೆಯೇ ಇರಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಎದುರಿಗೆ ಕೂತು ಮಾತಾಡುವಾಗ ಕಣ್ಣಿಗೆ ಬೀಳದ ಮೊಡವೆಯೊಂದು ದೊಡ್ಡ ಪ್ರಿಂಟಿನಲ್ಲಿ ಮೊದಲು ಕಾಣುವ ವಸ್ತುವಾಗುತ್ತದೆ. ಕ್ಯಾಮೆರಾ ಕೂಡ ತನ್ನದೇ ರೀತಿಯಲ್ಲಿ ಉತ್ಪ್ರೇಕ್ಷೆ ಮಾಡುತ್ತದೆ.

ಎರಡನೆಯದು ಹೀಲಿಂಗ್ ಬ್ರಷ್, ಅಂದರೆ ಕಲೆಯ ಮೇಲೆ ಪಕ್ಕದ ಚರ್ಮದ ಮಾದರಿಯನ್ನು ತುಂಬುವ ಸಾಧನ, ಒಂದನ್ನೇ ಬಳಸಿ ಮಾಡಿದ ಶುಚಿ. ಎರಡು ವಾರಗಳಲ್ಲಿ ತಾನಾಗಿ ಹೋಗುವುದನ್ನು ತೆಗೆಯಬಹುದು, ಹೋಗದಿರುವುದನ್ನು ಮುಟ್ಟಬಾರದು ಎಂಬ ನಿಯಮ ಈ ವೃತ್ತಿಯಲ್ಲಿ ಬಹಳ ಕಾಲದಿಂದ ಇದೆ. ಅದರಂತೆ ಮೊಡವೆ ಹೋಯಿತು, ಹಣೆಯ ಹೊಳಪು ಅರ್ಧಕ್ಕೆ ಇಳಿಯಿತು. ಮಚ್ಚೆ ಮತ್ತು ಹುಬ್ಬಿನ ಗುರುತು ಹಾಗೆಯೇ ಉಳಿದವು. ಹತ್ತು ನಿಮಿಷವೂ ಹಿಡಿಯದ ಕೆಲಸ. ನೋಡಿದ ಇಬ್ಬರಿಗೂ ಇದರಲ್ಲಿ ಯಾವ ತಕರಾರೂ ಇರಲಿಲ್ಲ.

ನಿಜವಾದ ಪೈಪೋಟಿ ಇರುವುದು ಮುಂದಿನ ಎರಡು ವಿಧಾನಗಳ ನಡುವೆ. ಫ್ರೀಕ್ವೆನ್ಸಿ ಸೆಪರೇಶನ್ ಚಿತ್ರವನ್ನು ಎರಡು ಪದರಗಳಾಗಿ ಬಿಡಿಸುತ್ತದೆ: ಕೆಳಗಿನ ಪದರದಲ್ಲಿ ಬಣ್ಣ ಮತ್ತು ನೆರಳು, ಮೇಲಿನದರಲ್ಲಿ ರೋಮರಂಧ್ರ, ಕೂದಲೆಳೆ, ಗೆರೆಗಳಂಥ ಸೂಕ್ಷ್ಮ ವಿವರ. ಕೆಳಗಿನ ಪದರವನ್ನು ಮಸುಕುಗೊಳಿಸಿದರೆ ಚರ್ಮದ ಬಣ್ಣ ಸಮವಾಗುತ್ತದೆ, ವಿವರ ಮೇಲೆ ಉಳಿಯುತ್ತದೆ. ಡಾಡ್ಜ್ ಅಂಡ್ ಬರ್ನ್ ಅದಕ್ಕಿಂತ ಹಳೆಯದು. ಫಿಲ್ಮ್ ಕಾಲದ ಡಾರ್ಕ್‌ರೂಮಿನಲ್ಲಿ, ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಕೆಳಗೆ ಕೈ ಅಡ್ಡ ಹಿಡಿದು, ಕೆಲವು ಭಾಗಗಳಿಗೆ ಕಡಿಮೆ ಬೆಳಕು ಕೊಟ್ಟು ತಿಳಿಯಾಗಿಸಿ, ಕೆಲವಕ್ಕೆ ಹೆಚ್ಚು ಕೊಟ್ಟು ಗಾಢವಾಗಿಸುತ್ತಿದ್ದ ಕೆಲಸವನ್ನೇ ಈಗ ಸಣ್ಣ ಬ್ರಷ್ಷಿನಿಂದ ಚುಕ್ಕೆ ಚುಕ್ಕೆಯಾಗಿ ಮಾಡುತ್ತೇವೆ. ಮೊದಲನೆಯದಕ್ಕೆ ಕಾಲು ಗಂಟೆ ಸಾಕು, ಎರಡನೆಯದಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. ಫೋನಿನ ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಪ್ರಿಂಟಿನಲ್ಲಿ ಕಾಣುತ್ತದೆ: ಫ್ರೀಕ್ವೆನ್ಸಿ ಸೆಪರೇಶನ್ ಮಾಡಿದ ಕೆನ್ನೆಯಲ್ಲಿ ರೋಮರಂಧ್ರಗಳು ಇದ್ದರೂ, ಅವುಗಳ ಕೆಳಗೆ ಇರಬೇಕಾದ ಬಣ್ಣದ ಸಣ್ಣ ಏರಿಳಿತ ಇಲ್ಲದೆ, ಮುಖದ ಮೇಲೆ ಇನ್ನೊಂದು ಮುಖದ ಸಿಪ್ಪೆ ಅಂಟಿಸಿದಂತೆ ಕಂಡಿತು. ಕೆನ್ನೆ ಮೂಳೆಯಿಂದ ದವಡೆಗೆ ಇಳಿಯುವ ನೆರಳು, ಅಂದರೆ ಆ ಮುಖಕ್ಕೆ ಅದರದೇ ಆಕಾರ ಕೊಡುವ ಅಂಶ, ಅಲ್ಲಿ ಅರ್ಧ ಕರಗಿಹೋಗಿತ್ತು. ಡಾಡ್ಜ್ ಅಂಡ್ ಬರ್ನ್‌ನಲ್ಲಿ ಕಣ್ಣಿನ ಕೆಳಗಿನ ಕಪ್ಪನ್ನು ಪೂರ್ತಿ ಅಳಿಸದೆ ತುಸು ತಿಳಿಯಾಗಿಸಿದ್ದೆ. ನಿದ್ದೆಗೆಟ್ಟ ಮುಖ ನಿದ್ದೆ ಮಾಡಿದ ಮುಖವಾಯಿತು, ಆದರೆ ಅದೇ ಮುಖವಾಗಿ ಉಳಿಯಿತು. ಪೋರ್ಟ್‌ಫೋಲಿಯೋದ ಮುಖ್ಯ ಚಿತ್ರಗಳಿಗೆ ಈ ವಿಧಾನಕ್ಕೇ ನನ್ನ ಮತ. ಸಮಯ ಮತ್ತು ದುಡ್ಡಿನ ಲೆಕ್ಕದಲ್ಲಿ ಎಲ್ಲ ಚಿತ್ರಗಳಿಗೂ ಇದು ಸಾಧ್ಯವಾಗದಿದ್ದರೆ, ಉಳಿದವನ್ನು ಹೀಲಿಂಗ್ ಬ್ರಷ್‌ಗೆ ನಿಲ್ಲಿಸುವುದು ಲೇಸು.

ಫೋನಿನ ಬ್ಯೂಟಿ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾನು ಬಳಸಿದ ಆ್ಯಪ್ ಒಂದೇ ಒತ್ತಿಗೆ ಮಚ್ಚೆಯನ್ನು ಅಳಿಸಿತು, ಹುಬ್ಬಿನ ಸೀಳನ್ನು ತುಂಬಿತು, ಕಣ್ಣನ್ನು ಹಿರಿದಾಗಿಸಿತು, ಮತ್ತು ಇವುಗಳಲ್ಲಿ ಯಾವುದನ್ನೂ ಮಾಡಲೇ ಎಂದು ಕೇಳಲಿಲ್ಲ. ಬೆಂಗಳೂರಿನವರು ಆ ಪ್ರಿಂಟನ್ನು ಡಿಜಿಟಲ್ಸ್ ಪಕ್ಕದಲ್ಲಿಟ್ಟು, "ಇವರು ಅಕ್ಕ ತಂಗಿಯರಾ?" ಎಂದು ಗಂಭೀರವಾಗಿಯೇ ಕೇಳಿದರು.

ಇನ್ನು ಬಣ್ಣದ ವಿಷಯ. ನಮ್ಮ ಊರಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರ ತೆಗೆಸಿಕೊಂಡು ಹೊರಡುವಾಗ ಮನೆಯವರಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: "ಅಣ್ಣ, ಮುಖ ಒಂಚೂರು ಬೆಳ್ಳಗೆ ಮಾಡಿ ಕೊಡಿ ಆಯ್ತಾ." ಅದನ್ನೂ ಮಾಡಿ ನೋಡಿದೆ. ಚರ್ಮದ ಮೇಲೆ ಮಾತ್ರ ಬೆಳಕು ಏರಿಸಿ, ಹಳದಿ ಇಳಿಸಿದಾಗ ಮೊದಲು ಸತ್ತದ್ದು ಸೀರೆ. ಉಡುಪಿ ಕೈಮಗ್ಗದ ಆ ಹತ್ತಿ ಸೀರೆಯ ಅರಸಿನ ಬಣ್ಣ, ಅವರ ಮೈಬಣ್ಣದ ಪಕ್ಕದಲ್ಲಿ ತುಂಬಿಕೊಂಡಿದ್ದುದು, ಬೂದಿ ಬಳಿದಂತಾಯಿತು. ಮುಖಕ್ಕೂ ಕುತ್ತಿಗೆಗೂ, ಕುತ್ತಿಗೆಗೂ ಕೈಗೂ ಹೊಂದಾಣಿಕೆ ತಪ್ಪಿತು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಬಣ್ಣ ತಿದ್ದುವುದೆಲ್ಲ ಬೆಳ್ಳಗೆ ಮಾಡುವುದಲ್ಲ. ಅಡಿಕೆ ತೋಟದಲ್ಲಿ ಚಿತ್ರ ತೆಗೆದರೆ ಎಲೆಗಳ ಹಸಿರು ಮುಖದ ಮೇಲೆ ಬೀಳುತ್ತದೆ. ಮುರಕಲ್ಲಿನ ಅಂಗಳದಲ್ಲಿ ನಿಲ್ಲಿಸಿದರೆ ದವಡೆಯ ಕೆಳಗೆ ಕೆಂಪು ಹತ್ತುತ್ತದೆ. ಇದು ಮಾಡೆಲ್‌ನ ಬಣ್ಣವಲ್ಲ, ಜಾಗದ ಬಣ್ಣ, ತೆಗೆಯಲೇಬೇಕು. ಎಷ್ಟು ತೆಗೆಯಬೇಕು ಎಂಬುದನ್ನು ಕಣ್ಣಂದಾಜಿಗೆ ಬಿಟ್ಟರೆ ಕೈ ತಾನಾಗಿ ಬಿಳುಪಿನ ಕಡೆಗೆ ಜಾರುತ್ತದೆ. ಅದಕ್ಕಾಗಿ ಪ್ರತಿ ಜಾಗದಲ್ಲೂ ಮಾಡೆಲ್‌ನ ಕೈಗೆ ಗ್ರೇ ಕಾರ್ಡ್, ಅಂದರೆ ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ಕಾರ್ಡ್, ಕೊಟ್ಟು ಒಂದು ಚಿತ್ರ ತೆಗೆದುಕೊಂಡು, ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆಯನ್ನು) ಅದರಿಂದಲೇ ನಿಗದಿ ಮಾಡುತ್ತೇನೆ. ಬೂದು ಬೂದಾಗಿ ಕಂಡ ಮೇಲೆ ಚರ್ಮದ ಬಣ್ಣ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದೆ ಹೋಗುವುದಿಲ್ಲ. ಮನೆಯವರ ಮಾತಿಗೂ ನನ್ನ ಉತ್ತರ ಇದೇ ಕಾರ್ಡ್: ಕಾರ್ಡ್ ಹಿಡಿದ ಚಿತ್ರವನ್ನು ತೋರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

ಚಿತ್ರದಲ್ಲಿ ಮೈಯನ್ನು ತಳ್ಳಿ, ಎಳೆದು ಆಕಾರ ಬದಲಾಯಿಸುವ ಲಿಕ್ವಿಫೈ ಎಂಬ ತಿದ್ದುಪಡಿಯ ಬಗ್ಗೆ ಹೊರದೇಶಗಳಲ್ಲಿ ಕಾನೂನೇ ಬಂದಿದೆ. ಮಾಡೆಲ್‌ನ ಮೈಯನ್ನು ತೆಳುವಾಗಿಯೋ ದಪ್ಪವಾಗಿಯೋ ತಿದ್ದಿದ ಜಾಹೀರಾತು ಚಿತ್ರದ ಮೇಲೆ ತಿದ್ದಿದ್ದೆಂದು ಬರೆಯಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2017ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ತಪ್ಪಿದರೆ ದಂಡ 37,500 ಯೂರೋ. ಅದೇ ದಿನದಿಂದ ಚಿತ್ರಗಳನ್ನು ಮಾರುವ ಸಂಸ್ಥೆ ಗೆಟ್ಟಿ ಇಮೇಜಸ್ ಕೂಡ ಅಂಥ ಚಿತ್ರಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆದರೆ ಈ ಎರಡೂ ಮೈಯ ಆಕಾರವನ್ನಷ್ಟೇ ನೋಡುತ್ತವೆ. 2022ರ ಜುಲೈ 1ರಿಂದ ಜಾರಿಗೆ ಬಂದ ನಾರ್ವೆಯ ಕಾನೂನು ಚರ್ಮವನ್ನೂ ಸೇರಿಸಿಕೊಂಡಿದೆ, ಮತ್ತು ನಮಗೆ ಹತ್ತಿರವಾದುದು ಅದೇ. ನನ್ನ ಪ್ರಯೋಗದಲ್ಲಿ ಸೊಂಟವನ್ನು ತುಸು ಒಳಕ್ಕೆ ತಳ್ಳಿದೊಡನೆ ಹಿಂದಿನ ಗೋಡೆಯ ಕಲ್ಲಿನ ಸಂದುಗಳು ಸೊಂಟದ ಜೊತೆಗೇ ಬಾಗಿದವು. ಅವನ್ನು ನೇರ ಮಾಡುವ ಉಪಾಯ ಇದೆ. ಆದರೆ ಉಡುಪಿನ ಅಳತೆ ತೆಗೆದುಕೊಳ್ಳುವ ದಿನ ಟೇಪು ಹೇಳುವ ಸಂಖ್ಯೆಯನ್ನು ನೇರ ಮಾಡುವ ಉಪಾಯ ಇಲ್ಲ.

ಚಿನ್ನದ ಅಂಗಡಿಯ ಜಾಹೀರಾತು ಮಾಡುವವರ ಆಯ್ಕೆ ಬೇರೆಯಾಗಿತ್ತು. ಅವರು ಫ್ರೀಕ್ವೆನ್ಸಿ ಸೆಪರೇಶನ್ ಮಾಡಿದ ಚಿತ್ರವನ್ನೇ ಮೆಚ್ಚಿದರು, ಮತ್ತು ಅವರ ಕಾರಣವೂ ಸರಿಯಾದುದೇ: ನೆಕ್ಲೇಸ್ ತೋರಿಸುವ ಚಿತ್ರದಲ್ಲಿ ಕುತ್ತಿಗೆಯ ಗೆರೆಗಳು ಕಣ್ಣನ್ನು ಆಭರಣದಿಂದ ಆಚೆಗೆ ಎಳೆಯುತ್ತವೆ. ಆದರೆ ಅದು ಅಚ್ಚಾಗುವ ಜಾಹೀರಾತಿನ ಅಗತ್ಯ. ಅಂಥ ತಿದ್ದುಪಡಿಯನ್ನು ಅಂಗಡಿಯವರು ತಮ್ಮ ಚಿತ್ರಕ್ಕೆ ತಾವೇ ಮಾಡಿಸಿಕೊಳ್ಳಬಹುದು. ಪೋರ್ಟ್‌ಫೋಲಿಯೋ ಹೇಳಬೇಕಾದದ್ದು ಆ ಕುತ್ತಿಗೆ ಹೇಗಿದೆ ಎಂಬುದನ್ನು. ಅವರ ಮುಂದೆ ಇದನ್ನು ಹೇಳಿದಾಗ ಅವರೂ ಒಪ್ಪಿ, ಆರಿಸುವ ಹಂತದಲ್ಲಿ ತಮಗೂ ಡಿಜಿಟಲ್ಸ್ ಕಳಿಸುವಂತೆ ಕೇಳಿದರು. ಈಗ ಪ್ರತಿಯೊಬ್ಬರ ಪೋರ್ಟ್‌ಫೋಲಿಯೋದಲ್ಲಿಯೂ ತಿದ್ದಿದ ಮುಖಚಿತ್ರದ ಎದುರು ಪುಟದಲ್ಲಿ ಅದೇ ವಾರ ತೆಗೆದ, ತಿದ್ದದ ಚಿತ್ರವನ್ನು ತಾರೀಕು ಹಾಕಿ ಸೇರಿಸುತ್ತಿದ್ದೇನೆ.